ಹನ್ನೆರಡು ಸಾವಿರದ ಕಾರ್ಡು, ಒಂದು ಲೋಟ ನೀರು

ಲೆಕ್ಕಾಚಾರದಲ್ಲಿ ನಾನು ಎಂದೂ ಎಡವಿದವನಲ್ಲ. ಆ ಧೈರ್ಯದಲ್ಲೇ ವರ್ಷಕ್ಕೆ ಹನ್ನೆರಡು ಸಾವಿರ ಶುಲ್ಕದ ಕ್ರೆಡಿಟ್ ಕಾರ್ಡ್ ತೆಗೆದುಕೊಂಡೆ. ವಿಮಾನ ನಿಲ್ದಾಣದ ಲೌಂಜಿನಲ್ಲಿ ನಾಲ್ವರಿಗೆ ಪುಕ್ಕಟೆ ಊಟ! ಆದರೆ ಹನ್ನೊಂದು ತಿಂಗಳಲ್ಲಿ ನಾನು ಚಾಮರಾಜಪೇಟೆಯಿಂದ ಕೈಗೊಂಡ ಅತಿ ದೂರದ ಪ್ರಯಾಣವೆಂದರೆ ಊರೊಳಗಿನ ಅವೆನ್ಯೂ ರಸ್ತೆ.

"ವರ್ಷ ಮುಗಿಯೋದ್ರೊಳಗೆ ಉಪಯೋಗಕ್ಕೆ ಬರ್ಲಿಲ್ಲ ಅಂದ್ರೆ ಅದನ್ನ ನಾನೇ ಕತ್ತರಿಸಿ ಹಾಕ್ತೀನಿ," ಎಂದಳು ಹೆಂಡತಿ ಶ್ಯಾಮಲಾ.

ಮರ್ಯಾದೆಯ ಪ್ರಶ್ನೆ! ಬೆಳಗಾವಿಯ ನಾದಿನಿಯ ಮನೆಗೆ ನಾವಿಬ್ಬರೂ ಗವಿಪುರಂನ ಅತ್ತೆ ಮಾವನೂ ರೈಲಿನಲ್ಲಿ ಹೋಗುವುದೆಂದಿತ್ತು. ಅದನ್ನು ರದ್ದು ಮಾಡಿ ವಿಮಾನದ ಟಿಕೆಟ್ ತೆಗೆದೆ.

"ಬೆಳಿಗ್ಗೆ ಯಾರೂ ಏನೂ ತಿನ್ಬೇಡಿ," ಎಂದು ಎಲ್ಲರಿಗೂ ಆಜ್ಞಾಪಿಸಿದೆ. ಆಶ್ಚರ್ಯ! ಯಾರೂ ತಕರಾರು ತೆಗೆಯಲಿಲ್ಲ. ನಾನಂತೂ ಹಿಂದಿನ ರಾತ್ರಿಯೇ ಊಟ ಬಿಟ್ಟಿದ್ದೆ. ಹನ್ನೆರಡು ಸಾವಿರ ವಸೂಲಾಗಬೇಕಲ್ಲ!

ಲೌಂಜಿನ ಬಾಗಿಲಲ್ಲಿ ಕಾರ್ಡು ಉಜ್ಜಿ, ನಾಲ್ವರನ್ನೂ ಒಳಗೆ ಬಿಟ್ಟರು. ಪೂರಿ ಸಾಗು, ಬಿಸಿಬೇಳೆಬಾತ್, ಜಾಮೂನು! ತಟ್ಟೆಗೆ ಆರು ಪೂರಿ ಪೇರಿಸಿಕೊಂಡು ಬಂದರೆ, ಮೂವರೂ ಒಂದೊಂದು ಲೋಟ ನೀರು ಇಟ್ಟುಕೊಂಡು ಸುಮ್ಮನೆ ಕೂತಿದ್ದಾರೆ.

"ಏಳಿ ಏಳಿ, ಬಡಿಸ್ಕೊಳ್ಳಿ!"

"ರೀ, ಇವತ್ತು ಏಕಾದಶಿ!" ಎಂದಳು ಶ್ಯಾಮಲಾ.

ವಿಮಾನದ ವೇಳೆ ನೋಡಿದ್ದೆ, ಸೀಟು ನೋಡಿದ್ದೆ. ಪಂಚಾಂಗ ನೋಡಿರಲಿಲ್ಲ!

"ಮೊದ್ಲೇ ಹೇಳೋದಲ್ವೇನೇ?"

"ನೀವೇ ಅಲ್ವಾ ತಿನ್ಬೇಡಿ ಅಂದಿದ್ದು? ಜ್ಞಾಪಕ ಇಟ್ಕೊಂಡಿದೀರಲ್ಲಾ ಅಂತ ಎಷ್ಟು ಖುಷಿಪಟ್ಟೆ!"

ಮಾವನ ಕಣ್ಣು ತುಂಬಿತ್ತು. "ರಾತ್ರೀನೂ ಊಟ ಮಾಡ್ಲಿಲ್ವಂತೆ! ದಶಮಿಯಿಂದ್ಲೇ ನಿಯಮ! ಅಳಿಯಂದಿರೇ, ನಿಮ್ಮನ್ನ ಏನೋ ಅಂದ್ಕೊಂಡಿದ್ದೆ. ಅಂದಹಾಗೆ, ಆ ತಟ್ಟೆ ಯಾರಿಗೆ?"

ಅಯ್ಯೋ ರಾಮ! "ಇವರಿಗೆ, ಮಾವ," ಎಂದು ಪಕ್ಕದ ಮೇಜಿನ ಅಪರಿಚಿತರೊಬ್ಬರ ಮುಂದೆ ಇಟ್ಟುಬಿಟ್ಟೆ. ಆ ಮಹಾನುಭಾವರು ಎರಡು ಪೂರಿ ಮುಗಿಸಿ ನನ್ನ ಕಡೆ ತಿರುಗಿದರು.

"ಜಾಮೂನ್ ಇರ್ಲಿಲ್ವಾ, ಸರ್?"

ಅದನ್ನೂ ತಂದುಕೊಟ್ಟೆ! ಮಾವ ಇನ್ನಷ್ಟು ಕರಗಿದರು. "ಉಪವಾಸ ಇದ್ಕೊಂಡು ಅನ್ನದಾನ! ಇನ್ಮೇಲೆ ಪ್ರತಿ ಏಕಾದಶಿಗೂ ನಮ್ಮನೆಗೇ ಬಂದ್ಬಿಡಿ. ಒಟ್ಟಿಗೇ ಮಾಡೋಣ."

ಬೆಳಗಾವಿ ತಲುಪಿದ ಮೇಲೆ ಶ್ಯಾಮಲಾ ತಂಗಿಯ ಹತ್ತಿರ ಕತ್ತರಿ ಕೇಳಿದಳು. ನಾನೇ ಹುಡುಕಿ ಕೊಟ್ಟೆ.

ಕಾರ್ಡು ಹೋಯಿತು. ಮಾವ ಕೊಟ್ಟ ಸೌಲಭ್ಯ ಮಾತ್ರ ಉಳಿದಿದೆ. ತಿಂಗಳಿಗೆ ಎರಡು ಸಲ, ಜೀವನಪರ್ಯಂತ, ಸಂಪೂರ್ಣ ಉಚಿತ!