ಮೂರು ತಾಲ್ಲೂಕಿನ ಕೋಆರ್ಡಿನೇಟರ್

ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆಯ ರೈತ ಗುಂಪುಗಳಿಗೆ ನಾನು ಕೋಆರ್ಡಿನೇಟರ್. ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಹೊಸ ಆರ್ಡರ್ ಬಂದರೆ ಉಂಟು, ಇಲ್ಲದಿದ್ದರೆ ಮನೆ. ಮೇಲಿನ ಕಚೇರಿಯಿಂದ ಆಗಾಗ ಒಂದು ಇಂಗ್ಲಿಷ್ ಪದ ಬರುತ್ತದೆ, ಅದನ್ನು ರೈತರಿಗೆ ಕಲಿಸಬೇಕು. ಅವರು ಬೇಗ ಕಲಿಯುತ್ತಾರೆ. ಆಮೇಲೆ ಆಗುವುದಕ್ಕೆ ನಾನು ಹೊಣೆಯಲ್ಲ.

ನೆಟ್‌ವರ್ಕಿಂಗ್

ತರೀಕೆರೆಯ ತರಬೇತಿಯಲ್ಲಿ, "ಗುರುತಿಲ್ಲದವರ ಪಕ್ಕ ಕೂತು ಪರಿಚಯ ಮಾಡಿಕೊಳ್ಳಿ, ಇದಕ್ಕೇ ನೆಟ್‌ವರ್ಕಿಂಗ್ ಅನ್ನೋದು" ಎಂದೆ. ಹತ್ತು ನಿಮಿಷ ಕೊಟ್ಟಿದ್ದೆ. ಅಮೃತಾಪುರದವರೊಬ್ಬರು ಪಂಚನಹಳ್ಳಿಯವರೊಬ್ಬರನ್ನು ಹಿಡಿದು ಯಾರ ಮನೆ, ತಾಯಿ ಕಡೆ ಎಲ್ಲಿ, ಮಕ್ಕಳೆಷ್ಟು ಅಂತ ಕೇಳುತ್ತಾ ಹೋದರು. ಊಟದ ಹೊತ್ತಾದರೂ ಇಬ್ಬರೂ ಎದ್ದಿರಲಿಲ್ಲ. ಸಂಜೆ ಫಾರಂನಲ್ಲಿ 'ತರಬೇತಿಯಿಂದ ಆದ ಪ್ರಯೋಜನ' ಎಂಬ ಜಾಗದಲ್ಲಿ ಪಂಚನಹಳ್ಳಿಯವರು ಬರೆದಿದ್ದರು: "ಶುಕ್ರವಾರ ಹೆಣ್ಣು ನೋಡಲು ಬರುತ್ತಾರೆ."

ಫಾಲೋಅಪ್

ರೈತರೊಬ್ಬರು ಖಾತೆ ಬದಲಾವಣೆಗೆ ಒಂದು ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದರು. "ಕೊಟ್ಟು ಸುಮ್ಮನಿರಬೇಡಿ, ಫಾಲೋಅಪ್ ಮಾಡಿ" ಎಂದೆ. ಅವರು ದಿನಾ ಬೆಳಗಿನ ಬಸ್ಸಿಗೆ ಹೋಗಿ ಅಲ್ಲಿನ ಬೆಂಚಿನ ಮೇಲೆ ಕೂತರು. ವಾರ ಕಳೆಯುವಷ್ಟರಲ್ಲಿ ಗುಮಾಸ್ತರ ಜತೆ ಕಾಫಿ, ಇನ್ನೊಂದು ವಾರಕ್ಕೆ ಗುಮಾಸ್ತರ ಪಕ್ಕದ ಕುರ್ಚಿ. ತಿಂಗಳಾದ ಮೇಲೆ ನಾನೇ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದೆ. ಗುಮಾಸ್ತರು ಇರಲಿಲ್ಲ. ಅವರ ಕುರ್ಚಿಯಿಂದ ನಮ್ಮ ರೈತರು ತಲೆ ಎತ್ತದೆಯೇ ಹೇಳಿದರು, "ಸಾಹೇಬ್ರು ಊಟಕ್ಕೆ ಹೋಗವ್ರೆ. ನಾಳೆ ಬನ್ನಿ."

ಕೊಲಾಬರೇಷನ್

ಶಿವನಿ ಊರಿನ ಎರಡು ಗುಂಪುಗಳಿಗೆ ಸೇರಿ ಒಂದೇ ಕಾಯಿ ಸುಲಿಯುವ ಮಿಷನ್. ಫೋಟೋದಲ್ಲಿ ನಡುವೆ ಯಾರು ಕೂರಬೇಕು ಎಂಬ ಜಗಳದಲ್ಲಿ ಇಬ್ಬರು ಅಧ್ಯಕ್ಷರೂ ಮಾತು ಬಿಟ್ಟು ಎರಡು ವರ್ಷ. ಮಿಷನ್ ಯಾವ ದಿನ ಯಾರಿಗೆ ಎಂದು ಅತ್ತಿಂದಿತ್ತ ಮುಟ್ಟಿಸುವವಳು ನಾನು. ಈ ಸಲ ನನ್ನ ಆರ್ಡರ್‌ಗೆ ಸಹಿ ಹಾಕಬೇಕಾದ ಅಧಿಕಾರಿ, ಕೊಲಾಬರೇಷನ್ ಕಣ್ಣಾರೆ ನೋಡಿದ ಮೇಲೇ ಸಹಿ ಎಂದು ಶಿವನಿಗೇ ಬಂದುಬಿಟ್ಟರು.

ಅಧ್ಯಕ್ಷರಿಬ್ಬರೂ ಒಂದೇ ಬೆಂಚಿನಲ್ಲಿ, ಒಬ್ಬರು ಆಚೆ ಒಬ್ಬರು ಈಚೆ ಮುಖ ಮಾಡಿ ಕೂತಿದ್ದರು. ಇಬ್ಬರಲ್ಲಿ ಹಿರಿಯರು ನನ್ನನ್ನು ಕರೆದು, "ಸೋಮವಾರ ಮಿಷನ್ ನಮಗೆ ಬೇಕು ಅಂತ ಅವ್ರಿಗೆ ಹೇಳವ್ವ" ಎಂದರು. ಗೇಣು ದೂರದಲ್ಲಿದ್ದ ಕಿರಿಯರು, "ತಗೊಂಡು ಹೋಗ್ಲಿ ಅಂತ ಹೇಳಮ್ಮ" ಎಂದರು.

ಅಧಿಕಾರಿ ಪೆನ್ನಿನ ಕ್ಯಾಪ್ ಮುಚ್ಚಿದರು. "ಪಕ್ಕದಲ್ಲೇ ಕೂತಿದ್ದೀರಿ. ನೇರವಾಗಿ ಮಾತಾಡಬಾರದೇನ್ರೀ?"

ನನ್ನ ಕೆಲಸ ಹೋಯಿತು ಅಂದುಕೊಂಡೆ. ನಿಜಕ್ಕೂ ಹೆದರಿದ್ದೆ.

"ಮಾತಾಡ್ತೀವಿ ಸಾರ್" ಎಂದರು ಹಿರಿಯರು. "ಆದ್ರೆ ನಾವೇ ಮಾತಾಡ್ಕೊಂಡ್ರೆ ಈಯಮ್ಮ ಇನ್ಯಾಕೆ ಅಂತ ನೀವು ತೆಗೆದುಹಾಕ್ಬಿಟ್ರೆ? ಮೊದ್ಲು ಸಹಿ ಹಾಕಿ."

"ಹೀಗೆಲ್ಲ ನಿಮಗೆ ಯಾರು ಹೇಳಿಕೊಟ್ಟರು?" ಎಂದು ಅಧಿಕಾರಿ ಕೇಳಿದರು.

"ಯಾರೂ ಇಲ್ಲ ಸಾರ್" ಎಂದರು ಕಿರಿಯರು. "ಆರ್ಡರ್ ಬರೋಗಂಟ ಮಾತಾಡೋದು ಬ್ಯಾಡ ಅಂತ ಮೊನ್ನೆ ನಾವಿಬ್ರೇ ಕೂತು ಮಾತಾಡ್ಕೊಂಡ್ವಿ."