ಎಡಗಾಲಿನಲ್ಲಿ ಸಿಗದ ನಾಡಿ

ಆ ಭಾನುವಾರ ಮಧ್ಯಾಹ್ನ ಡೊಂಬಿವಲಿಯ ನಮ್ಮ ಮನೆಯ ಹಾಲಿನಲ್ಲಿ ನಾಲ್ವರಿದ್ದೆವು. ಸೋಫಾದ ಮೇಲೆ ಎಂಬತ್ತೆರಡರ ನನ್ನ ಅಮ್ಮ, ಅಡುಗೆಮನೆಯ ಬಾಗಿಲಿಗೊರಗಿ ನನ್ನ ಹೆಂಡತಿ ಸುಮತಿ, ನೆಲದಲ್ಲಿ ಮಂಡಿಯೂರಿದ ಮಗಳು ವಿಭಾ, ಅವಳೆದುರು ಚಾಪೆಯ ಮೇಲೆ ಬನಿಯನ್ ಮತ್ತು ಮಡಚಿದ ಪೈಜಾಮದಲ್ಲಿ ಅಂಗಾತ ಮಲಗಿದ ನಾನು. ವಿಭಾ ಮೆಡಿಕಲ್ ಕಾಲೇಜಿನ ಮೊದಲ ವರ್ಷದವಳು. ಮೈಯೊಳಗಿನ ಮುಖ್ಯ ನರಗಳನ್ನೂ ರಕ್ತನಾಳಗಳನ್ನೂ ಹೊರಗಿನಿಂದಲೇ ಗುರುತಿಸಿ ತೋರಿಸುವ ಪರೀಕ್ಷೆ ಅವಳಿಗೆ ಹತ್ತಿರ ಬಂದಿತ್ತು. ಅದಕ್ಕೊಂದು ಮೈ ಬೇಕಲ್ಲ? ಸುಮತಿಗೆ ಕಚಗುಳಿ ಜಾಸ್ತಿ, ಅಮ್ಮನಿಗೆ ವಯಸ್ಸು ಜಾಸ್ತಿ. ಮನೆಯಲ್ಲಿ ಏನೂ ಕೆಲಸವಿಲ್ಲದೆ ಬಿದ್ದಿರುವ ಮೈ ಒಂದೇ ಒಂದು, ಅದು ನನ್ನದು.

ಕೆಂಪು ಪೆನ್ನಿನಲ್ಲಿ ಶುದ್ಧರಕ್ತದ ನಾಳ, ನೀಲಿಯಲ್ಲಿ ಮರಳಿ ಬರುವ ರಕ್ತದ್ದು, ಹಳದಿಯಲ್ಲಿ ನರ. ಕುತ್ತಿಗೆಯಿಂದ ಶುರುವಾಯಿತು. ಐವತ್ತನಾಲ್ಕು ವರ್ಷ ನನ್ನದೇ ಎಂದುಕೊಂಡು ಸಾಕಿದ ದೇಹದಲ್ಲಿ ನನಗೆ ಪರಿಚಯವಿದ್ದದ್ದು ಹೊಟ್ಟೆಯೊಂದೇ ಎಂದು ಅಂದು ಗೊತ್ತಾಯಿತು. ಮೊಣಕೈ ಹಿಂದೆ ಹಳದಿ ಗೆರೆ ಎಳೆದು ಅಲ್ಲೊಮ್ಮೆ ತಟ್ಟಿದಳು, ಕಿರುಬೆರಳಿನವರೆಗೆ ಕರೆಂಟು ಹರಿದು ನಾನು ಹಾರಿಬಿದ್ದೆ. "ಪಪ್ಪಾ, ಹಿಲ್ನಾ ಮತ್," ಅಲ್ಲಾಡಬೇಡ ಎಂದು ಗದರಿದಳು. ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬೈಗುಳ ಹಿಂದಿಯಲ್ಲೇ ಬರುವುದು. ಸೆಕೆಯ ದಿನ, ಆದರೂ ಅವಳ ಬೆರಳುಗಳು ತಣ್ಣಗಿದ್ದವು. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಚರ್ಮದ ಕೆಳಗೆ ಮಲಗಿದ ಬೇರೆ ಯಾರನ್ನೋ ನೋಡುವ ಹಾಗೆ ನೋಡುತ್ತಿದ್ದಳು. ಆ ಇನ್ನೊಬ್ಬ ನನ್ನ ಅಪ್ಪಣೆ ಕೇಳದೆ ಇಷ್ಟು ವರ್ಷ ಒಳಗೆ ಮಿಡಿಯುತ್ತಿದ್ದಾನೆ, ನಾನು ನಿದ್ದೆ ಹೋದಾಗಲೂ ಎದ್ದಿರುತ್ತಾನೆ ಎಂದು ಹೊಳೆದಾಗ, ಸುಳ್ಳೇಕೆ ಹೇಳಲಿ, ಕೂದಲು ನಿಮಿರಿತು.

ಕುತ್ತಿಗೆ, ಮೊಣಕೈ, ಮಣಿಕಟ್ಟು, ಮಂಡಿಯ ಹಿಂಭಾಗ ಹೀಗೆ ಒಂದೊಂದು ಕಡೆಯೂ ನಾಡಿ ಹಿಡಿದು ತಲೆಯಾಡಿಸುತ್ತ ಕೆಳಗಿಳಿದಳು. ಬಲಪಾದದ ಮೇಲೂ ಸಿಕ್ಕಿತು. ಎಡಪಾದದ ಮೇಲೆ ಬೆರಳಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ, "ಇಲ್ಲ," ಎಂದಳು. ನಾನು ಹೆದರಿ ಕಾಲು ಅಲ್ಲಾಡಿಸಿ ನೋಡಿಕೊಂಡೆ, ಕಾಲು ಇತ್ತು. ಎಷ್ಟೋ ಜನರಿಗೆ ಆ ಜಾಗದಲ್ಲಿ ನಾಡಿ ಸಿಗುವುದಿಲ್ಲ, ರಕ್ತ ಬೇರೆ ದಾರಿಯಿಂದ ಬರುತ್ತದೆ, ಭಯವಿಲ್ಲ ಎಂದು ಸಮಾಧಾನ ಹೇಳಿ ಸೇರಿಸಿದಳು: "ನಮ್ಮ ಟೇಬಲಿನ ಅಜ್ಜನಿಗೂ ಹೀಗೇ. ಎಡಗಾಲೇ."

ಟೇಬಲಿನ ಅಜ್ಜ ಎಂದರೆ ಅವರ ಕಾಲೇಜಿನಲ್ಲಿ ಅವಳ ಗುಂಪು ಕೊಯ್ದು ಕಲಿಯುವ ದೇಹ. ಮೊದಲ ತಿಂಗಳು ಅವಳು ಅದನ್ನು ಮುಟ್ಟದೆ ಗೆಳತಿಯರ ಬೆನ್ನ ಹಿಂದೆ ನಿಂತೇ ದಿನ ಕಳೆದಿದ್ದಳು. ಈಗ ಹೆದರಿಕೆ ಹೋಗಿತ್ತು, ದೇಹ ಕೆಡದಂತೆ ಹಾಕುವ ಮದ್ದಿನ ವಾಸನೆ ಮಾತ್ರ ಅವಳ ಚೀಲದಿಂದ ಹೋಗಿರಲಿಲ್ಲ. ಆ ಅಜ್ಜನ ಎಡಪಾದದಲ್ಲಿ ನಾಳ ಪುಸ್ತಕ ಹೇಳುವ ಜಾಗದಲ್ಲಿ ಇಲ್ಲದ್ದನ್ನು ಅವರ ಮೇಷ್ಟ್ರು ಎಲ್ಲ ಟೇಬಲಿನವರನ್ನೂ ಕರೆದು ತೋರಿಸಿದ್ದರಂತೆ. ಎಪ್ಪತ್ತೈದು ಎಂಬತ್ತರ ಮುದುಕ, ನಮ್ಮವರು ಎಂದು ಕೇಳಿಕೊಂಡು ಯಾರೂ ಬಂದಿಲ್ಲ ಎಂದಷ್ಟೇ ಅವಳಿಗೆ ಗೊತ್ತು.

ನಾನು ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ನಗಿಸುವ ಚಟದವನಿಗೆ ಮೌನ ಎಲ್ಲಿ ಒಗ್ಗುತ್ತದೆ? "ಹಾಗಾದರೆ ನಮ್ಮ ಸಂಬಂಧಿಕರೇ ಇರಬೇಕು, ನೋಡು," ಎಂದುಬಿಟ್ಟೆ. ಸುಮತಿ ನಕ್ಕಳು. ಅಮ್ಮ ನಗಲಿಲ್ಲ. ಸೋಫಾದಿಂದ ಎಡಗಾಲು ಮುಂದೆ ಚಾಚಿ, "ನನ್ನದು ನೋಡು ಮಗಾ," ಎಂದು ಮೊಮ್ಮಗಳಿಗೆ ಹೇಳಿದರು. ವಿಭಾ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅಲ್ಲೂ ನಾಡಿ ಇರಲಿಲ್ಲ.

ಇಲ್ಲಿ ನಿಮಗೆ ವಾಸುಮಾವನ ವಿಷಯ ಹೇಳಬೇಕು. ಅಮ್ಮನ ಒಬ್ಬನೇ ತಮ್ಮ. ಉಡುಪಿಯಿಂದ ಬಂದು ಥಾಣೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಕಲ್ಯಾಣದಲ್ಲಿ ಒಂದೇ ಕೋಣೆಯ ಬಾಡಿಗೆ ಖೋಲಿ ಮಾಡಿಕೊಂಡಿದ್ದರು. ನಾನು ಹುಟ್ಟುವ ಮೊದಲೇ, ಒಂದು ಬೆಳಿಗ್ಗೆ ಡ್ಯೂಟಿಗೆಂದು ಹೊರಟವರು ಕಾರ್ಖಾನೆ ಮುಟ್ಟಲಿಲ್ಲ, ಖೋಲಿಗೂ ಮರಳಲಿಲ್ಲ. ಅಷ್ಟೇ. ಅಮ್ಮನ ಲೆಕ್ಕದಲ್ಲಿ ಅವರು ಇಂದಿಗೂ ಇದ್ದಾರೆ. ಅಪ್ಪ ಹೋದ ಮೇಲೆ ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ನಾನು ಎಳ್ಳುನೀರು ಬಿಡುವಾಗ ಭಟ್ಟರು ಸೋದರಮಾವನ ಜಾಗಕ್ಕೆ ಬಂದು ನಿಲ್ಲುತ್ತಾರೆ, ಅಡುಗೆಮನೆಯಿಂದ ಅಮ್ಮ ಗಟ್ಟಿಯಾಗಿ ಕೆಮ್ಮುತ್ತಾರೆ, ಭಟ್ಟರು ಮುಂದಿನವರಿಗೆ ಹೋಗುತ್ತಾರೆ. ಬದುಕಿರುವವನಿಗೆ ನೀರು ಬಿಟ್ಟರೆ ಅವನು ಸತ್ತ ಹಾಗೆ ಎಂಬುದು ಅಮ್ಮನ ಹಟ. ಐವತ್ತು ಚಿಲ್ಲರೆ ವರ್ಷದಿಂದ ಕಾಣದ ಒಬ್ಬ ಮನುಷ್ಯ ಆ ಒಂದು ಕೆಮ್ಮಿನ ಮೇಲೆ ಬದುಕಿದ್ದಾನೆ.

ಅಮ್ಮ ಕಾಲು ಹಿಂದೆಳೆದುಕೊಂಡು ಕೇಳಿದರು, "ಆ ಅಜ್ಜನ ಬಲಗೈ ನೋಡಿದ್ದೀಯಾ ಮಗಾ? ಮಣಿಕಟ್ಟಿಂದ ಮೇಲೆ ಉದ್ದಕ್ಕೆ ಒಂದು ಗಾಯದ ಗೀಟು ಉಂಟಾ? ನಾನು ಹಲಸಿನಕಾಯಿ ಕೊಚ್ಚುವಾಗ ಅವ ಓಡಿ ಬಂದು ಮೆಟ್ಟುಕತ್ತಿಗೆ ಬಿದ್ದದ್ದು. ಅದು ಮಾಸುವ ಗಾಯ ಅಲ್ಲ."

ವಿಭಾ ಪೆನ್ನಿನ ಮುಚ್ಚಳ ಹುಡುಕುತ್ತ ತಲೆ ತಗ್ಗಿಸಿದಳು. "ಅಜ್ಜೀ, ಅಲ್ಲಿ ಚರ್ಮ ಇಲ್ಲ," ಎಂದಳು. "ಪೆಹಲೇ ಹಫ್ತೇ ಮೇ, ಮೊದಲ ವಾರವೇ, ನಮ್ಮ ಗುಂಪಿನವರೇ ತೆಗೆದದ್ದು."

ನಾನು ಚಾಪೆಯ ಮೇಲೆ ನನ್ನ ಬಲಗೈಯನ್ನು ಮೆಲ್ಲಗೆ ಹೊಟ್ಟೆಯ ಮೇಲೆಳೆದುಕೊಂಡೆ. ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮುದುಕರಿಗೆ ಕಾಲಿನ ನಾಡಿ ಹೇಗೂ ಸರಿಯಾಗಿ ಸಿಗುವುದಿಲ್ಲ, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ವಿಭಾ ಹಾಲಿನ ಗೋಡೆಗೆ ವಿವರಿಸಿದಳು. ಅವಳು ಹೇಳಿದ್ದು ಸರಿ. ಆದರೆ ಕೆಲವು ಸಂಗತಿಗಳು ಸಾಬೀತಾಗದಿದ್ದರೇ ಹೆಚ್ಚು ದಿನ ಮನೆಯಲ್ಲಿ ಓಡಾಡಿಕೊಂಡಿರುತ್ತವೆ.

ಪೆನ್ನಿನ ಶಾಯಿ ಸುಲಭಕ್ಕೆ ಹೋಗುವಂಥದ್ದಲ್ಲ ಎಂದು ತಿಳಿದದ್ದು ಸ್ನಾನಕ್ಕೆ ಹೋದಾಗ. ಸೋಮವಾರ ಮಹಾಪೆಯ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕಾಲರಿನ ಮೇಲಕ್ಕೆ ಒಂದು ಕೆಂಪು ಗೆರೆ, ಪಕ್ಕದಲ್ಲೇ ನೀಲಿ ಗೆರೆ, ಎಲ್ಲಿ ಕೊಯ್ಯಬೇಕೆಂದು ಗುರುತು ಹಾಕಿಕೊಂಡವನ ಹಾಗೆ ಕೂತಿದ್ದೆ. ಎಂದೂ ಕಾಲಿಡಲು ಜಾಗವಿಲ್ಲದ ಬಸ್ಸು, ನನ್ನ ಪಕ್ಕದ ಸೀಟು ಮಾತ್ರ ಕೊನೆಯವರೆಗೂ ಖಾಲಿಯೇ ಉಳಿಯಿತು. ನಗು ಬರಬೇಕಾದದ್ದು. ನನಗೋ ಆ ಖಾಲಿ ಸೀಟಿನಲ್ಲಿ ಯಾರೋ ಕೂತೇ ಇದ್ದಾರೆ, ಅವರಿಗಾಗಿಯೇ ಜನ ಜಾಗ ಬಿಟ್ಟಿದ್ದಾರೆ ಅನಿಸಿ, ಇಳಿಯುವವರೆಗೂ ಆ ಕಡೆ ತಿರುಗಲಿಲ್ಲ.

ಅಮಾವಾಸ್ಯೆ ಬಂತು. ಭಟ್ಟರಿಗೆ ಅಂದು ಡೊಂಬಿವಲಿಯಿಂದ ಥಾಣೆಯವರೆಗೆ ಮನೆಗಳು, ಮಂತ್ರವೂ ಫಾಸ್ಟ್ ಲೋಕಲ್ ರೈಲಿನ ಹಾಗೆ ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದೆ ಓಡುತ್ತಿತ್ತು. ಸೋದರಮಾವನ ಜಾಗದಲ್ಲಿ ಮಾತ್ರ ನಿಂತಿತು. ನಾನು ಅಂಗೈಯಲ್ಲಿ ಎಳ್ಳುನೀರು ಹಿಡಿದು ಕಿವಿಗೊಟ್ಟೆ. ಅಡುಗೆಮನೆಯಿಂದ ಸದ್ದಿಲ್ಲ. ಕೆಮ್ಮೂ ಇಲ್ಲ, ಸೌಟಿನ ಸದ್ದೂ ಇಲ್ಲ. ಬೆರಳ ಸಂದಿಯಿಂದ ನೀರು ಸೋರತೊಡಗಿತು. ತಲೆಯೆತ್ತಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ವಾಸುವಿನ ಹೆಸರು ಹೇಳಬೇಡಿ ಭಟ್ರೇ. ಅವ ಇದ್ದಾನೆ," ಎಂದರು. "ವಿಭಾಳ ಕಾಲೇಜಿನಲ್ಲಿ ಒಬ್ಬರು ಮಲಗಿದ್ದಾರೆ. ಅವರಿಗೆ ಯಾರೂ ಇಲ್ಲವಂತೆ. ಅವರಿಗೆ ನೀರು ಬಿಡಿಸಿ."

ಭಟ್ಟರು ಹೆಸರು ಕೇಳಿದರು, ಗೊತ್ತಿಲ್ಲ ಎಂದೆ. ಗೋತ್ರ ಕೇಳಿದರು, ಅದೂ ಗೊತ್ತಿಲ್ಲ. ಗಡಿಯಾರ ನೋಡಿಕೊಂಡು, ಹೋಗಲಿ ಮಾರಾಯ್ರೇ, ನಿಮಗೆ ಏನಾಗಬೇಕು ಅವರು, ಅದಾದರೂ ಹೇಳಿ ಎಂದರು. ಅಮ್ಮ ನನ್ನ ಮುಖ ನೋಡಿದರು. ನಾನು ಸೋರಿಹೋದ ಅಂಗೈಗೆ ಮತ್ತೆ ಎಳ್ಳುನೀರು ತುಂಬಿಕೊಂಡೆ. ಗೋಡೆಯ ಪಕ್ಕ ಕೂತಿದ್ದ ವಿಭಾ ಅಚ್ಚ ಕನ್ನಡದಲ್ಲಿ ಹೇಳಿದಳು, "ಗುರು. ನನ್ನ ಗುರು ಅಂತ ಹೇಳಿ."

ಗುರುವಿಗೆ ಮಂತ್ರದಲ್ಲಿ ಜಾಗವಿತ್ತು. ನೀರು ಬಿಟ್ಟೆ. ಅಮ್ಮ ಒಳಗೆ ಹೋಗಿ ಪಾಯಸಕ್ಕೆ ಬೆಲ್ಲ ಹಾಕಿದರು.

ಅದಾಗಿ ಎರಡು ವಾರಕ್ಕೆ, ಮನೆಯಲ್ಲಿ ಯಾರಿಗೂ ಹೇಳದೆ, ಅರ್ಧ ದಿನ ರಜೆ ಹಾಕಿ ನಾನು ವಿಭಾಳ ಕಾಲೇಜಿಗೆ ಹೋದೆ. ಆ ಅಜ್ಜನ ಹೆಸರೊಂದು ಸಿಕ್ಕಿದರೆ ಅಮ್ಮನಿಗೆ ಹೇಳುವುದೋ ಬಿಡುವುದೋ ಆಮೇಲೆ ನೋಡೋಣ ಎಂದು. ಆಫೀಸಿನ ಕಿಟಕಿಯಲ್ಲಿ ಒಬ್ಬ ಮರಾಠಿ ಹೆಂಗಸು, ಬಹಳ ಮರ್ಯಾದಸ್ಥರು, ಏನು ಬೇಕಿತ್ತು ಕಾಕಾ ಎಂದು ಕೇಳಿದರು. ಎಲ್ಲಿಂದ ಶುರುಮಾಡುವುದೋ ತಿಳಿಯದೆ, "ಬಾಡಿಯ ವಿಷಯ..." ಎಂದು ತಡವರಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅರ್ಥವಾಯಿತೆಂಬಂತೆ ತಲೆಯಾಡಿಸಿ, ಒಳಗಿನಿಂದ ದೇಹದಾನದ ಅರ್ಜಿಯೊಂದನ್ನು ತಂದುಕೊಟ್ಟರು. ಒಳ್ಳೆಯ ಕೆಲಸ, ನಿಮ್ಮಂಥವರು ಕಡಿಮೆ ಎಂದು ಹೊಗಳಿದರು. ಅಷ್ಟು ಹೊಗಳಿದ ಮೇಲೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಪೆನ್ನು ತಂದಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಅವರು ತಮ್ಮದನ್ನೇ ಕೊಟ್ಟರು.