ಸುಮ್ಮನೆ ಮಲಗಿಕೊಳ್ಳುವ ಕೆಲಸ

ಸುಮ್ಮನೆ ಮಲಗುವುದರಲ್ಲಿ ನನ್ನನ್ನು ಮೀರಿಸುವವರು ಬ್ಯಾಡಗಿಯಲ್ಲಿಲ್ಲ ಎಂಬುದು ನಮ್ಮ ಮನೆಯವರ ಸರ್ವಾನುಮತದ ಅಭಿಪ್ರಾಯ. ಹಾವೇರಿಯಲ್ಲಿ ಎಂ.ಡಿ. ಓದುತ್ತಿರುವ ಅಕ್ಕ ಫೋನ್ ಮಾಡಿ, ತನ್ನ ಪ್ರಬಂಧಕ್ಕೆ ಆರೋಗ್ಯವಂತ ತರುಣನೊಬ್ಬ ಕಡಿಮೆ ಬಿದ್ದಿದ್ದಾನೆ, ನಾಳೆಯೇ ಕೊನೆಯ ದಿನ ಎಂದಾಗ ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ವ್ಯಾಯಾಮದಿಂದ ರಕ್ತನಾಳ ಎಷ್ಟು ಹಿಗ್ಗುತ್ತದೆಂದು ಅಳೆಯುವುದಂತೆ. ಮೊದಲು ಅಲುಗಾಡದೆ ಮಲಗಬೇಕು, ಆಮೇಲೆ ಸೈಕಲ್ ತುಳಿಯಬೇಕು, ಮತ್ತೆ ಮಲಗಬೇಕು. ಮೂರರಲ್ಲಿ ಎರಡು ನನಗೆ ಕರಗತ!

"ಖಾಲಿ ಹೊಟ್ಟೀಲೆ ಬಾ. ಚಾ ಕುಡೀಬ್ಯಾಡ, ಓಡಬ್ಯಾಡ," ಎಂದಳು ಅಕ್ಕ. "ನೀ ಕೆಡಿಸಿದಿ ಅಂದ್ರ ನನ್ನ ಪರೀಕ್ಷಾ ಆರು ತಿಂಗಳು ಮುಂದ ಹೋಗ್ತೈತಿ ನೋಡು."

ಮರುದಿನ ಚಹಾ ಕುಡಿಯಲಿಲ್ಲ. ನಾನು ಪಾಲಿಸಿದ ನಿಯಮ ಅದೊಂದೇ. ಚಹಾ ಇಲ್ಲದೆ ಕೈಕಾಲು ಒಂದೆಡೆ ನಿಲ್ಲಲೊಲ್ಲವು. ಮಾರುಕಟ್ಟೆ ಯಾರ್ಡಿನಲ್ಲಿರುವ ನಮ್ಮ ಮೆಣಸಿನಕಾಯಿ ಅಂಗಡಿಗೆ ಎರಡು ಸಲ ಸುಮ್ಮನೆ ಹೋಗಿಬಂದೆ. ಸೈಕಲ್ ತುಳಿದರೆ ಬೆವರು ಬರುತ್ತದಲ್ಲ ಎಂದು ಅಲ್ಲಿ ಚೀಲದ ಮೇಲಿದ್ದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡೆ. ಅಷ್ಟರಲ್ಲಿ ಹಾವೇರಿ ಬಸ್ಸು ಹೊರಟಿತು. ಓಡಿದೆ.

ಏದುಸಿರು ಬಿಡುತ್ತ ಬಂದವನನ್ನು ಕಂಡು ಅಕ್ಕ ಹಣೆ ಚಚ್ಚಿಕೊಂಡಳು. ಬೇರೆ ದಾರಿಯಿಲ್ಲದೆ, ಉಸಿರು ಹದಕ್ಕೆ ಬರುವವರೆಗೆ ಕಾದು, ತೋಳಿಗೆ ಪಟ್ಟಿ ಬಿಗಿದು ಮಲಗಿಸಿದಳು. ಅವಳ ಗುರುಗಳೇ ಯಂತ್ರದ ಮುಂದೆ ಕುಳಿತರು. ಪರದೆಯ ಮೇಲೆ ನನ್ನ ರಕ್ತನಾಳ ಕಾಣಿಸಿತು. ಕೈಯನ್ನೇನೋ ಅಲುಗಾಡಿಸಲಿಲ್ಲ, ಕಾಲು ತಾನಾಗಿ ಕುಣಿಯತೊಡಗಿತು. ಕಾಲನ್ನು ತಡೆದರೆ ಮೂಗು ತುರಿಸಿತು. ಓಡಿದ ಬೆವರು ಇನ್ನೂ ಇಳಿಯುತ್ತಿತ್ತು. ಒರೆಸಿಕೊಳ್ಳಲೆಂದು ಇನ್ನೊಂದು ಕೈಯಿಂದ ಟವೆಲ್ ಎಳೆದು, ಸಭ್ಯಸ್ಥನಂತೆ ಒಮ್ಮೆ ಝಾಡಿಸಿದೆ.

ಮೆಣಸಿನಕಾಯಿ ಘಾಟು ನಮ್ಮ ಮೂಗಿಗೆ ಗೊತ್ತಾಗುವ ಕಾಲ ಎಂದೋ ಹೋಯಿತು. ಹಾವೇರಿಯವರಿಗೆ ಗೊತ್ತಾಯಿತು. ಗುರುಗಳು ಏಳು ಸಲ ಸೀನಿದರು. ನರ್ಸಮ್ಮ ಹೊರಗೆ ಓಡಿದರು. ಪರದೆಯ ಮೇಲಿದ್ದ ನನ್ನ ರಕ್ತನಾಳ ಎಲ್ಲಿಗೆ ಹೋಯಿತೋ ಯಾರಿಗೂ ಸಿಗಲಿಲ್ಲ.

ಅಕ್ಕನ ಕಣ್ಣಲ್ಲಿ ನೀರು. ಅದು ಘಾಟಿನ ನೀರಷ್ಟೇ ಅಲ್ಲವೆಂದು ತಿಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಕೂಡಲೇ ನಮ್ಮ ಅಂಗಡಿಯ ಹಮಾಲ, ನನ್ನದೇ ವಯಸ್ಸಿನ ಮಾರುತಿಗೆ ಫೋನ್ ಹಚ್ಚಿದೆ. ಶನಿವಾರ, ಅವನಿಗೆ ರಜೆ, ಮೇಲಾಗಿ ಒಪ್ಪತ್ತು. ಚಹಾ ಕೂಡ ಮುಟ್ಟಿರಲಿಲ್ಲ. ತಲೆ ಮೇಲೆ ನೀರು ಹಾಕಿಕೊಂಡು, ಮಡಿ ಅಂಗಿ ತೊಟ್ಟು, ಬಸ್ಸಿನಲ್ಲಿ ಕುಳಿತೇ ಬಂದ. ಮಲಗು ಎಂದರೆ ಮಲಗಿದ, ತುಳಿ ಎಂದರೆ ತುಳಿದ. ಅವನ ನಾಳ ನೋಡಿ ಗುರುಗಳು ಮೂಗು ಒರೆಸಿಕೊಳ್ಳುತ್ತಲೇ ತಲೆದೂಗಿದರು. ಅಕ್ಕನ ಪ್ರಬಂಧ ಉಳಿಯಿತು.

ನನ್ನನ್ನು ಕೈಬಿಟ್ಟ ಕಾರಣವನ್ನೂ ಅಕ್ಕ ಫಾರ್ಮಿನಲ್ಲಿ ಬರೆಯಬೇಕಿತ್ತಂತೆ. "ಸುಮ್ಮನೆ ಮಲಗಲು ಬರುವುದಿಲ್ಲ" ಎಂದು ಬರೆದಿದ್ದಾಳೆಂದು ಸಂಜೆ ಅವ್ವನಿಗೆ ಹೇಳಿದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಬರೋದು ಅದೊಂದ ಇತ್ತು," ಎಂದಳು. "ಅದೂ ಹೋತು?"